ಅರಳು ಹಾಕುವ ಅಣ್ಣ

ಮದುವೆಮನೆಯಲ್ಲಿ ಹುಡುಗಿಯ ಅಣ್ಣನಿಗೆ ಕೈತುಂಬ ಕೆಲಸ ಇರುತ್ತದೆ. ಬೀಗರ ಕಾರಿಗೆ ಜಾಗ ಹುಡುಕಬೇಕು, ಹೂವಿನವನ ಜೊತೆ ವಾದಿಸಬೇಕು, ಊಟಕ್ಕೆ ಏಳದೆ ಹರಟುತ್ತ ಕೂತ ಹಿರಿಯರನ್ನು ಎಬ್ಬಿಸಬೇಕು. ಇವನ್ನೆಲ್ಲ ಯಾರು ಮಾಡಿದರೂ ನಡೆಯುತ್ತದೆ. ಅವನೇ ಮಾಡಬೇಕಾದದ್ದು ಒಂದೇ ಒಂದು. ತಾಳಿ ಕಟ್ಟಿದ ಮೇಲೆ ಲಾಜಹೋಮ ಅಂತ ಬರುತ್ತದೆ. ಹುಡುಗಿ ಹೋಮದ ಮುಂದೆ ನಿಂತು ಬೊಗಸೆ ಒಡ್ಡುತ್ತಾಳೆ, ಅಣ್ಣನೋ ತಮ್ಮನೋ ಮೊರದಿಂದ ಆ ಬೊಗಸೆಗೆ ಭತ್ತದ ಅರಳು ಹಾಕುತ್ತಾನೆ, ಅವಳು ಅದನ್ನು ಬೆಂಕಿಗೆ ಬಿಡುತ್ತಾಳೆ. ಆಮೇಲೆ ಹುಡುಗನ ಕಡೆಯವರು ಅವನನ್ನು ಕರೆದು ಉಡುಗೊರೆ ಕೊಟ್ಟು ಮರ್ಯಾದೆ ಮಾಡುತ್ತಾರೆ. ಅವತ್ತಿನಿಂದ ಎರಡು ಮನೆಗಳ ನಡುವೆ ಅವನಿಗೊಂದು ಸ್ಥಾನ ಸಿಗುತ್ತದೆ.

ನನ್ನ ಮಗಳಿಗೆ ಒಡಹುಟ್ಟಿದವನು ಒಬ್ಬನೇ, ಅವಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಹುಟ್ಟಿನಿಂದಲೂ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಮೂವತ್ತು ದಾಟಿದ ಮೇಲೂ ಓದು ಬರಹ ಅವನಿಗೆ ಅಷ್ಟಕ್ಕಷ್ಟೆ. ಆದರೆ ಬೆಳಿಗ್ಗೆ ತಾನೇ ಸ್ನಾನ ಮಾಡಿ, ಬಸವನಗುಡಿಯ ನಮ್ಮ ಮನೆಯಿಂದ ಗಾಂಧಿ ಬಜಾರಿನವರೆಗೆ ಒಬ್ಬನೇ ನಡೆದುಹೋಗಿ, ಪೂಜಾ ಸಾಮಾನಿನ ಅಂಗಡಿಯೊಂದರಲ್ಲಿ ಮಧ್ಯಾಹ್ನದವರೆಗೆ ಅರಿಶಿನ ಕುಂಕುಮದ ಪೊಟ್ಟಣ ಕಟ್ಟಿ ಬರುತ್ತಾನೆ. ಮಾತು ಕಡಿಮೆ, ಆಡಿದ್ದು ಸ್ಪಷ್ಟ. ಅವನಿಗೆ ಆಗದೇ ಇರುವುದು ಇದ್ದಕ್ಕಿದ್ದಂತೆ ಬರುವ ಸದ್ದು. ಕುಕ್ಕರ್ ಕೂಗಿದರೆ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ಇದ್ದಲ್ಲೇ ಕೂತುಬಿಡುತ್ತಾನೆ. ನಮ್ಮ ಮನೆಯಲ್ಲಿ ಅವನಿಗೆ ಮೊದಲೇ ಹೇಳದೆ ಯಾರೂ ಕುಕ್ಕರ್ ಇಡುವುದಿಲ್ಲ.

ಇನ್ನು ನನ್ನ ವಿಷಯ. ನಾನು ಜಗಳಗಂಟಿ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ವಾಸಿ. ಮಗನಿಗೆ ಶಾಲೆ ಹುಡುಕಿಕೊಂಡು ಅಲೆದ ವರ್ಷಗಳಲ್ಲಿ ಕಲಿತ ವಿದ್ಯೆ ಇದು. ಆಮೇಲೆ ಅದನ್ನೇ ಬೇರೆ ತಾಯಂದಿರಿಗೂ ಕಲಿಸಿದೆ. ಹನುಮಂತನಗರದಲ್ಲಿ ಒಂದು ಭಜನೆ ಮಂದಿರದ ಮಹಡಿಯ ಮೇಲೆ ಶನಿವಾರ ಮಧ್ಯಾಹ್ನ ಇಂಥ ಮಕ್ಕಳಿರುವ ಹತ್ತಾರು ಕುಟುಂಬಗಳು ಸೇರುತ್ತೇವೆ. ಮಕ್ಕಳು ಅಂತ ಬಾಯಿ ರೂಢಿಗೆ ಹೇಳುವುದು, ಅವರಲ್ಲಿ ಕೆಲವರಿಗೆ ತಲೆ ನೆರೆತಿದೆ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಿಡದಿದ್ದರೆ ನಾಲ್ಕು ಜನ ಒಟ್ಟಿಗೆ ಹೋಗುತ್ತೇವೆ. ಬಸ್ಸಿನಲ್ಲಿ ಯಾರಾದರೂ ಆಡಿಕೊಂಡರೆ ಏನು ಉತ್ತರ ಕೊಡಬೇಕು ಅಂತ ಮಾತಾಡಿಕೊಳ್ಳುತ್ತೇವೆ. ಅಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಒತ್ತಿ ಹೇಳುತ್ತ ಬಂದದ್ದು ಒಂದೇ ಮಾತು. ಕರೆದ ಮದುವೆಗೆ ಮಗುವನ್ನು ಮನೆಯಲ್ಲಿ ಕೂಡಿಹಾಕಿ ಹೋಗಬೇಡಿ. ನೆಂಟರ ಕಣ್ಣಿಗೆ ಬೀಳದ ಮಗುವಿಗೆ ನೆಂಟರೇ ಇರುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ತಾಯಂದಿರು ತಲೆಯಾಡಿಸಲು ಶುರು ಮಾಡುತ್ತಿದ್ದರು.

ಹೀಗಿರುವಾಗ ಮಗಳ ಮದುವೆ ಗೊತ್ತಾಯಿತು. ಹುಡುಗ ಮಲ್ಲೇಶ್ವರದವನು. ಅವರಿಬ್ಬರೂ ಮೊದಲೇ ಪರಿಚಯ ಮಾಡಿಕೊಂಡು, ಮಾತಾಡಿಕೊಂಡು, ಆಮೇಲೆ ನಮಗೆ ತಿಳಿಸಿದ್ದು. ಮಗಳು ಎರಡನೇ ಭೇಟಿಯಲ್ಲೇ ಅಣ್ಣನನ್ನೂ ಕರೆದುಕೊಂಡು ಹೋಗಿದ್ದಳಂತೆ. ಮೂವರೂ ನಿಂತು ದೋಸೆ ತಿಂದರಂತೆ. ಹುಡುಗನ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆ ತಂದದ್ದು ನಮ್ಮವರೇ.

ಲಗ್ನಪತ್ರಿಕೆ ಆದ ವಾರ ನನ್ನ ಮೈದುನ ಮನೆಗೆ ಬಂದ. ಒಳ್ಳೆಯವನು, ಕಷ್ಟಕ್ಕೆ ಆಗುವವನು. ಕಾಫಿ ಕುಡಿದು ಲೋಟ ಕೆಳಗಿಡುತ್ತ ಹೇಳಿದ, "ಅತ್ತಿಗೆ, ಅರಳು ಹಾಕೋಕೆ ನನ್ ಮಗ ಇದಾನಲ್ಲ, ಅವ್ನಿಗೆ ಹೇಳಿದೀನಿ. ನೀವೇನೂ ಯೋಚ್ನೆ ಮಾಡ್ಬೇಡಿ."

"ನಾನು ಯೋಚ್ನೆ ಮಾಡ್ತಿದೀನಿ ಅಂತ ಯಾರು ಹೇಳಿದ್ರು? ನನ್ ಮಗ ಇದಾನಲ್ಲ ಹಾಕೋಕೆ."

ಅವನು ಅಣ್ಣನ ಮುಖ ನೋಡಿದ. ನನ್ನ ಯಜಮಾನರು ಪೇಪರಿನ ಒಳಗೆ ಇನ್ನಷ್ಟು ಹುದುಗಿಕೊಂಡರು. ಮೈದುನ ಮೆಲ್ಲಗೆ ಹೇಳಿದ, "ಹೊಗೆ, ಓಲಗ, ಅಷ್ಟೊಂದು ಜನ. ಮಧ್ಯದಲ್ಲಿ ಕಿವಿ ಮುಚ್ಕೊಂಡು ಕೂತ್ಬಿಟ್ರೆ? ನಿಮ್ ಮಗಳ ಮದ್ವೆ ಇದು ಅತ್ತಿಗೆ, ಶನಿವಾರದ ಮೀಟಿಂಗ್ ಅಲ್ಲ."

ಅವನು ಹೋದ ಮೇಲೆ ಯಜಮಾನರ ಮೇಲೆ ಹರಿಹಾಯ್ದೆ. ಅವರು ಪೇಪರು ಮಡಿಸಿಟ್ಟು, "ಅವನು ಹೇಳಿದ್ದು ಸುಳ್ಳಾ?" ಅಂದರು. ಸುಳ್ಳಲ್ಲ. ಅದಕ್ಕೇ ನನಗೆ ಅಷ್ಟು ಕೋಪ ಬಂದದ್ದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಈಗ ಬದನೆಕಾಯಿ ನನ್ನ ಎಲೆಗೇ ಬಿದ್ದಿತ್ತು. ಮಗನನ್ನು ಮದುವೆಗೆ ಕರೆದುಕೊಂಡು ಹೋಗಿ ಹೊಸ ಷರಟು ಹಾಕಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರೆ ಯಾರ ಆಕ್ಷೇಪವೂ ಇಲ್ಲ. ಅವನ ಜಾಗದಲ್ಲಿ ಇನ್ನೊಬ್ಬ ನಿಂತು ಅವನ ತಂಗಿಯ ಕೈಗೆ ಅರಳು ಹಾಕುವುದನ್ನು ಅವನು ಅಲ್ಲಿ ಕೂತು ನೋಡಬೇಕಾಗುತ್ತಿತ್ತು. ನನಗೆ ಅದು ಬೇಡವಾಗಿತ್ತು. ಇದೊಂದು ಸಿಗದಿದ್ದರೆ ಅವನು ಆ ಮನೆಗೂ ಈ ಮನೆಗೂ ಬರೀ ಅತಿಥಿಯಾಗಿ ಉಳಿಯುತ್ತಾನೆ ಅನ್ನಿಸುತ್ತಿತ್ತು. ನಾಳೆ ನಾವಿಬ್ಬರೂ ಇಲ್ಲದ ಕಾಲಕ್ಕೆ ಅತಿಥಿಯನ್ನು ಯಾರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಮುಂದಿನ ಭಾನುವಾರ ಬೀಗರು ಬಂದರು. ಜೊತೆಗೆ ಅಳಿಯನ ಸೋದರತ್ತೆ. ಆ ಮನೆಯಲ್ಲಿ ಅವರ ಮಾತೇ ಮಾತು ಅಂತ ಮಗಳು ಮೊದಲೇ ಎಚ್ಚರಿಸಿದ್ದಳು. ತೆಳ್ಳಗೆ, ನೆಟ್ಟಗೆ, ಹತ್ತಿ ಸೀರೆ ಉಟ್ಟು, ಕೊಟ್ಟ ಕೋಡುಬಳೆಯನ್ನು ಮುರಿದು ನೋಡಿ ಆಮೇಲೆ ಬಾಯಿಗಿಡುವ ಹೆಂಗಸು. ಛತ್ರದ ವಿಷಯ, ಊಟದ ವಿಷಯ ಎಲ್ಲ ಮುಗಿದ ಮೇಲೆ ಅವರು ಕೇಳಿದರು, "ಅರಳು ಹಾಕೋಕೆ ಯಾರು ನಿಲ್ತಾರೆ? ಉಡುಗೊರೆ ತರ್ಬೇಕಲ್ಲ, ಅದಕ್ಕೆ ಕೇಳಿದೆ."

ನಾನು ಸೆರಗು ಸರಿಮಾಡಿಕೊಂಡು ಭಾಷಣ ಶುರು ಮಾಡಿದೆ. ಹಕ್ಕು ಅಂದೆ, ಘನತೆ ಅಂದೆ, ಇಂಥವರನ್ನು ಸಮಾಜ ನೋಡುವ ರೀತಿ ಅಂದೆ. ಬ್ಯಾಂಕಿನ ಮ್ಯಾನೇಜರುಗಳ ಮುಂದೆ ಆಡಿ ಆಡಿ ಹರಿತವಾದ ಮಾತುಗಳು. ಅತ್ತೆಯವರು ಕೋಡುಬಳೆ ಮುರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮುಖದಲ್ಲಿ ಒಪ್ಪಿದ ಸುಳಿವೂ ಇಲ್ಲ, ಒಪ್ಪದ ಸುಳಿವೂ ಇಲ್ಲ.

ಆಗ ಮಗ ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದ. ಒಂದೊಂದೇ ಲೋಟ ಕೊಟ್ಟು, ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ನಿಂತು, "ನಾನ್ ಹಾಕ್ತೀನಿ. ನನ್ ತಂಗಿ ಅವ್ಳು," ಅಂದ.

ಅತ್ತೆಯವರು ಅವನ ಕಡೆ ತಿರುಗಿ ಕೂತರು. ನನ್ನನ್ನು ಕೇಳದೆ ಅವನನ್ನೇ ಕೇಳಿದರು, "ಓಲಗ ಜೋರಾಗಿ ಬಾರಿಸ್ತಾರಪ್ಪ. ಹೆದ್ರಿಕೊಳಲ್ವಾ?"

"ಹೆದ್ರಿಕೊಳ್ತೀನಿ," ಅಂದ. "ಆಮೇಲೆ ಹಾಕ್ತೀನಿ."

ಅವರಿಗೆ ನಗು ಬಂತೋ ಏನೋ, ಕಾಫಿ ಲೋಟ ಅಡ್ಡ ಹಿಡಿದರು. ಆಮೇಲೆ ನನಗೆ ಹೇಳಿದರು, "ಸರಿ, ಅವನೇ ನಿಲ್ಲಲಿ. ಆದ್ರೆ ನಿಮ್ ಮೈದುನನ ಮಗ ಪಕ್ಕದಲ್ಲೇ ಇರ್ಲಿ. ಇವ್ನು ಕೂತ್ಬಿಟ್ರೆ ಅವ್ನು ಮೊರ ತಗೊಂಡು ಮುಗಿಸ್ಲಿ. ಹೋಮ ಅರ್ಧಕ್ಕೆ ನಿಲ್ಲಬಾರ್ದು ನೋಡಿ." ಒಪ್ಪಿಕೊಂಡೆ. ಅರ್ಧ ಗೆದ್ದು ಅರ್ಧ ಸೋತ ಹಾಗೆ ಅನ್ನಿಸಿತು, ಮಗಳಿಗೆ ಹೇಳಿದರೆ ಅವಳು, "ಅಮ್ಮ, ನೀನು ಎಲ್ಲಾದ್ರಲ್ಲೂ ಸ್ಕೋರ್ ನೋಡ್ತೀಯ," ಅಂತ ನಕ್ಕಳು.

ಶನಿವಾರದ ನಮ್ಮ ಗುಂಪಿಗೆ ಸುದ್ದಿ ಮುಟ್ಟಿದ್ದೇ ತಡ, ಇಡೀ ಮಹಡಿಯೇ ಛತ್ರವಾಯಿತು. ಏನನ್ನಾದರೂ ಕಲಿಸಬೇಕಾದರೆ ನಾವು ಅದನ್ನು ಸಣ್ಣ ಸಣ್ಣ ತುಂಡು ಮಾಡಿಕೊಳ್ಳುತ್ತೇವೆ. ಮೊದಲ ವಾರ ಬರೀ ಮೊರ ಹಿಡಿದು ನಿಲ್ಲುವುದು. ಆಮೇಲೆ ಮೊರ ಬಾಗಿಸುವುದು. ಆಮೇಲೆ ಬೊಗಸೆ ತುಂಬಿದಾಗ ನಿಲ್ಲಿಸುವುದು. ಹೋಮಕುಂಡಕ್ಕೆ ಪ್ಲಾಸ್ಟಿಕ್ ಬಕೆಟ್ ಇಟ್ಟೆವು, ಅರಳಿಗೆ ಬದಲು ಕಡ್ಲೆಪುರಿ ತಂದೆವು. ಓಲಗದ ಜವಾಬ್ದಾರಿಯನ್ನು ಒಬ್ಬ ತಂದೆ ಹೊತ್ತುಕೊಂಡರು. ಮೊಬೈಲಿನಲ್ಲಿ ಗಟ್ಟಿಮೇಳ ಹಾಕಿ ಮೊದಲ ವಾರ ಪಿಸುಮಾತಿನಷ್ಟು ಸದ್ದು ಇಟ್ಟರು, ವಾರವಾರಕ್ಕೂ ಒಂದಿಷ್ಟು ಏರಿಸುತ್ತ ಹೋದರು. ಒಂದೇ ತೊಂದರೆ ಏನೆಂದರೆ, ಮೊರ ಹಿಡಿದವನಿಗೆ ಕಿವಿ ಮುಚ್ಚಿಕೊಳ್ಳಲು ಕೈ ಇರುವುದಿಲ್ಲ. ಸದ್ದು ಏರಿದಾಗಲೆಲ್ಲ ಅವನು ಮೊರ ಕೆಳಗಿಟ್ಟು ಕೂತುಬಿಡುತ್ತಿದ್ದ. ಬಯ್ಯದೆ ಕಾಯುತ್ತಿದ್ದೆವು. ಎದ್ದು ಮತ್ತೆ ಮೊರ ಎತ್ತಿಕೊಳ್ಳುತ್ತಿದ್ದ.

ಮದುಮಗಳಾಗಲು ಮಾತ್ರ ನೂಕುನುಗ್ಗಲು. ಹುಡುಗಿಯರೆಲ್ಲ ಸರದಿಯಲ್ಲಿ ನಿಂತರು, ನಲವತ್ತರ ಒಬ್ಬ ಮೀಸೆಯ ಮಹಾಶಯನೂ ನಿಂತ. ಯಾರಿಗೂ ಇಲ್ಲ ಅನ್ನುವುದು ನಮ್ಮ ಗುಂಪಿನ ಪದ್ಧತಿಯಲ್ಲ. ಅಲ್ಲಿ ಒಬ್ಬರಿಗೆ ಏನು ಕೊಟ್ಟರೂ ಎಲ್ಲರಿಗೂ ಕೊಡಬೇಕು, ಇಲ್ಲದಿದ್ದರೆ ಮಧ್ಯಾಹ್ನವೆಲ್ಲ ಮುನಿಸು. ಹಾಗಾಗಿ ಮದುಮಗಳ ಬೊಗಸೆ ಆದ ಮೇಲೆ ಮಗ ಮೊರ ಹಿಡಿದು ಸಾಲಿನುದ್ದಕ್ಕೂ ನಡೆದು, ಕೈಚಾಚಿದವರಿಗೆಲ್ಲ ಕಡ್ಲೆಪುರಿ ಹಾಕಿ, ಮೊರ ಬರಿದು ಮಾಡಿಕೊಂಡು ಬಂದರೆ ಆಟ ಮುಗಿದಂತೆ. ಎಲ್ಲರೂ ಚಪ್ಪಾಳೆ ತಟ್ಟಿ ತಿನ್ನುತ್ತಿದ್ದೆವು. ಇದರಿಂದ ಏನಾಗಬಹುದು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ವರ್ಷಗಟ್ಟಲೆ ಇಂಥ ಮಕ್ಕಳಿಗೆ ಕಲಿಸಿ ಕಲಿಸಿ, ಕಲಿಸಿದ್ದನ್ನು ಅವರು ಹಾಗೆಯೇ ಕಲಿಯುತ್ತಾರೆ ಅನ್ನುವುದನ್ನೇ ಮರೆತಿದ್ದೆವು.

ಮದುವೆ ಚಾಮರಾಜಪೇಟೆಯ ಹಳೆಯ ಛತ್ರವೊಂದರಲ್ಲಿ. ಮುಹೂರ್ತದ ಗಟ್ಟಿಮೇಳಕ್ಕೆ ನಾವು ಸಿದ್ಧರಾಗಿದ್ದೆವು. ಪುರೋಹಿತರು ಕಣ್ಣಲ್ಲೇ ಸನ್ನೆ ಮಾಡಿದಾಗ ಮೈದುನ ನನ್ನ ಮಗನನ್ನು ಊಟದ ಹಾಲಿಗೆ ಕರೆದುಕೊಂಡು ಹೋದ, ತಾಳಿ ಕಟ್ಟಿ ಆದ ಮೇಲೆ ವಾಪಸು ಕರೆತಂದ. ಓಲಗದವರಿಗೂ ಹೇಳಿದ್ದೆ. ಲಾಜಹೋಮದಲ್ಲಿ ಮೆತ್ತಗೆ ಊದಿ, ಡೋಲು ಬೇಡ ಅಂದಿದ್ದೆ. ಅವರು ಆಗಲಿ ತಾಯಿ ಅಂದಿದ್ದರು.

ಹೋಮ ಹೊತ್ತಿತು. ಮಗ ಹೊಸ ಪಂಚೆಯುಟ್ಟು ಮೊರ ಹಿಡಿದು ನಿಂತ. ಅವನ ಪಕ್ಕದಲ್ಲಿ ಮೈದುನನ ಮಗ. ಮಂಟಪದ ಅಂಚಿನಲ್ಲಿ ನಾನು, ನನ್ನ ಪಕ್ಕ ಯಜಮಾನರು. ಕೆಳಗೆ ಮೊದಲ ಸಾಲಿನ ಕುರ್ಚಿಯಲ್ಲಿ ಸೋದರತ್ತೆ, ಅವರ ಹಿಂದೆ ನಮ್ಮ ಶನಿವಾರದ ಗುಂಪು ಪೂರ್ತಿ. ಮಗಳು ಬೊಗಸೆ ಒಡ್ಡಿದಳು. ಪುರೋಹಿತರು ಅವಳ ಕೈಗೆ ತುಪ್ಪ ಸವರಿ, "ಹಾಕಪ್ಪ," ಅಂದರು.

ಅಷ್ಟರಲ್ಲಿ ನಮ್ಮ ಕಡೆಯ ಯಾರೋ ಒಬ್ಬ ಉತ್ಸಾಹಿ ಮಾವ, ಎಲ್ಲ ಮದುವೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ತೋರುಬೆರಳು ಎತ್ತಿ ಆಡಿಸುತ್ತ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಬೆರಳು ಆಡಿದ್ದು ಕಂಡರೆ ಓಲಗದವರ ಕೈ ನಿಲ್ಲುತ್ತದೆಯೇ? ಡೋಲು, ನಾಗಸ್ವರ ಎಲ್ಲ ಒಟ್ಟಿಗೆ ಮೊಳಗಿತು.

ಮಗನ ಭುಜ ಕಿವಿಯವರೆಗೆ ಏರಿತು. ಮೊಣಕಾಲು ಬಾಗತೊಡಗಿತು. ಮೈದುನನ ಮಗ ಕೈ ಮುಂದೆ ಮಾಡಿದ. ನಾನು ಎದ್ದೇಬಿಟ್ಟಿದ್ದೆ, ಯಜಮಾನರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ಗಟ್ಟಿಯಾಗಿ ಅವರು ನನ್ನ ಕೈ ಹಿಡಿದದ್ದು ನಮ್ಮ ಮದುವೆಯಲ್ಲೂ ಇಲ್ಲ. ಬಿಡಿ ಅಂದೆ. ಬಿಡಲಿಲ್ಲ. ಮಗಳ ಕಡೆ ನೋಡಿದೆ. ಅವಳ ಬೊಗಸೆ ಇದ್ದಲ್ಲೇ ಇತ್ತು, ಅಲುಗಿರಲಿಲ್ಲ. ಅವಳು ಅಣ್ಣನನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ.

ಅವನು ಮೊರ ಕೆಳಗಿಡಲಿಲ್ಲ. ಅದನ್ನು ಎದೆಗೆ ಅವುಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತ. ಒಂದಷ್ಟು ಅರಳು ಅವನ ಶಲ್ಯದ ಮೇಲೆ ಉದುರಿತು. ಪುರೋಹಿತರು ಓಲಗದವರ ಕಡೆ ಕೈ ಅಡ್ಡ ಮಾಡಿದರು, ಸದ್ದು ಇಳಿಯಿತು. ಮಗ ಒಂದು ಕಣ್ಣು ತೆರೆದು ನೋಡಿದ, ಆಮೇಲೆ ಇನ್ನೊಂದು.

"ಹೆದ್ರಿಕೊಂಡೆ," ಅಂದ ತಂಗಿಗೆ.

"ಗೊತ್ತು. ಹಾಕು," ಅಂದಳು ಅವಳು.

ಹಾಕಿದ. ಬೊಗಸೆ ತುಂಬಿದ ಕೂಡಲೇ ನಿಲ್ಲಿಸಿದ. ಅವಳು ಅದನ್ನು ಬೆಂಕಿಗೆ ಬಿಟ್ಟಳು, ದಂಪತಿ ಅಗ್ನಿಗೆ ಸುತ್ತು ಬಂದರು, ಅವನು ಮತ್ತೆ ಹಾಕಿದ, ಮತ್ತೆ ಹಾಕಿದ. ಮೈದುನನ ಮಗ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಅವನಿಗೆ ಮನೆಗೆ ಬಂದ ಮೇಲೆ ಒಂದು ಡಬ್ಬಿ ತುಂಬ ಕೋಡುಬಳೆ ಮಾಡಿ ಕಳಿಸಿದೆ.

ಕೊನೆಗೆ ಮೊರದಲ್ಲಿ ಉಳಿದ ಅರಳನ್ನೂ ಹೋಮಕ್ಕೆ ಬಿಡಬೇಕು. ಪುರೋಹಿತರು ಅದಕ್ಕಾಗಿ ಕೈ ಚಾಚಿದರೆ ಮೊರ ಅಲ್ಲಿಲ್ಲ. ಮಗ ಆಗಲೇ ಮಂಟಪದಿಂದ ಇಳಿದು ಕುರ್ಚಿಗಳ ಮೊದಲ ಸಾಲಿಗೆ ಹೋಗಿ ನಿಂತಿದ್ದ. ಅವನ ಲೆಕ್ಕದಲ್ಲಿ ಮದುಮಗಳದ್ದು ಮುಗಿದಿತ್ತು, ಇನ್ನು ಸಾಲಿನವರ ಸರದಿ. ಮೊದಲು ಸಿಕ್ಕವರು ಸೋದರತ್ತೆ. ಅವರ ಮುಂದೆ ಮೊರ ಬಾಗಿಸಿ ಕಾದ. ಅವರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಎದ್ದು ನಿಂತು, ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದರು. ಅವರು ಒಡ್ಡಿದ್ದು ನೋಡಿ ಪಕ್ಕದವರೂ ಕೈ ಒಡ್ಡಿದರು. ಬೀಗರ ಸಾಲು ಪೂರ್ತಿ, ಪ್ರಸಾದ ತೆಗೆದುಕೊಳ್ಳುವ ಹಾಗೆ, ಒಬ್ಬೊಬ್ಬರೇ. ಹಿಂದಿನ ಸಾಲಿನಲ್ಲಿ ನಮ್ಮ ಶನಿವಾರದವರಿಗಂತೂ ಇದು ಅಭ್ಯಾಸವಾದ ಕೆಲಸ, ಮೊದಲೇ ಕೈ ಚಾಚಿ ಕೂತಿದ್ದರು. ಮೀಸೆಯ ಮಹಾಶಯ ತನ್ನ ಪಾಲನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಿದ. ಪುರೋಹಿತರು ನಗುತ್ತ ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದು, "ಮೊರ ಚೆಲ್ಲಿಬಿಡೋರು ಬಹಳ ಜನ ಇರ್ತಾರಮ್ಮ, ಸ್ವಲ್ಪ ಎತ್ತಿಟ್ಕೊಂಡಿರ್ತೀನಿ," ಅಂದು ಹೋಮ ಮುಗಿಸಿದರು.

ಆಮೇಲೆ ಅಳಿಯ ಬಾವನಿಗೆ ಶಲ್ಯ ಹೊದಿಸಿ, ಬೆರಳಿಗೆ ಉಂಗುರ ತೊಡಿಸಿದ. ಮಗ ಆ ಶಲ್ಯವನ್ನು ಸಂಜೆಯವರೆಗೆ ತೆಗೆಯಲಿಲ್ಲ. ಸೋದರತ್ತೆ ಸೆರಗಿನ ತುದಿಯಲ್ಲಿ ಅರಳು ಗಂಟು ಹಾಕಿಕೊಂಡೇ ನನ್ನ ಹತ್ತಿರ ಬಂದರು.

"ಎಲ್ಲರಿಗೂ ಅರಳು ಹಂಚೋದು ನಿಮ್ ಕಡೆ ಪದ್ಧತಿನಾ?"

ನಿಜ ಹೇಳಲು ಬಾಯಿ ತೆರೆದೆ. "ಹೌದು, ನಮ್ ಕಡೆ ಹಾಗೆ," ಅಂದೆ. ಸುಳ್ಳೂ ಅಲ್ಲ, ಹನುಮಂತನಗರದ ಮಹಡಿಯ ಮೇಲೆ ಅದು ಪದ್ಧತಿಯೇ.

"ಚೆನ್ನಾಗಿದೆ," ಅಂದರು ಅವರು. "ನಮ್ ಕಡೆ ಹುಡುಗಿ ಮದ್ವೇಲೂ ಮಾಡ್ಬೇಕು."

ಬೀಗರ ಪಂಕ್ತಿ ಕೂತಿತು. ನಾನು ತುಪ್ಪದ ಗಿಂಡಿ ಹಿಡಿದು ಹೋಳಿಗೆಗೆ ಬಡಿಸುತ್ತ ಬರುತ್ತಿದ್ದೆ. ಸೋದರತ್ತೆಯ ಪಕ್ಕದ ಎಲೆಯಲ್ಲಿ ಅವರ ಕಡೆಯ ಹೆಂಗಸೊಬ್ಬರು, ತಡವಾಗಿ ಬಂದವರಿರಬೇಕು, ಎದುರು ಸಾಲಿನಲ್ಲಿ ಶಲ್ಯ ಹೊದ್ದು ಕೂತಿದ್ದ ನನ್ನ ಮಗನನ್ನು ನೋಡಿ, "ಯಾರೇ ಆ ಹುಡುಗ?" ಅಂತ ಕೇಳಿದರು.

"ಹುಡುಗಿ ಅಣ್ಣ," ಅಂದರು ಸೋದರತ್ತೆ.

ನನಗೆ ಗೊತ್ತು, ಇಂಥ ಮಾತು ಇಲ್ಲಿಗೇ ನಿಲ್ಲುವುದಿಲ್ಲ. ಮೂವತ್ತು ವರ್ಷದಿಂದ ಕೇಳಿದ್ದೇನೆ. ನನ್ನ ಮಗ ಯಾರು ಅಂತ ಯಾರು ಯಾರಿಗೆ ಹೇಳಿದರೂ ಕೊನೆಗೊಂದು "ಪಾಪ" ಬಂದೇ ಬರುತ್ತದೆ. ಕೆಲವರು ಜೋರಾಗಿ ಹೇಳುತ್ತಾರೆ, ಕೆಲವರು ದನಿ ತಗ್ಗಿಸಿ ಹೇಳುತ್ತಾರೆ, ನಾನು ಹತ್ತಿರ ಇದ್ದರೆ ಬರೀ ತುಟಿಯಲ್ಲಿ ಹೇಳುತ್ತಾರೆ. ತುಪ್ಪದ ಗಿಂಡಿ ಹಿಡಿದು ಅಲ್ಲೇ ಕಾದು ನಿಂತೆ.

ಸೋದರತ್ತೆ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು. ಅಗಿದರು, ನುಂಗಿದರು. ಆಮೇಲೆ ಪಕ್ಕದವರಿಗೆ, "ಹೋಳಿಗೆ ಮೆತ್ತಗಿದೆ, ಇನ್ನೊಂದು ಹಾಕಿಸ್ಕೋ," ಅಂದರು. ಅಷ್ಟೇ. ಅವರ ಮಾತು ಮುಗಿದಿತ್ತು.

ನನಗೆ ಅಳು ಬಂತು. ಬೀಗರ ಪಂಕ್ತಿಯ ನಡುವೆ ನಿಂತು ಅಳುವುದು ಚೆನ್ನಾಗಿರುವುದಿಲ್ಲ ಅಂತ ಅವರ ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿ ಮುಂದಿನ ಎಲೆಗೆ ಹೋದೆ.